ಊರ ಕೋಣೆಯ ಉಕುಲೇಲೆ

ಜಪಾನಿನ ಅನೇಕ ಊರುಗಳಲ್ಲಿ ಸಂಜೆ ಐದಕ್ಕೆ ಬೀದಿ ಕಂಬದ ಮೇಲಿನ ಧ್ವನಿವರ್ಧಕದಿಂದ ಒಂದು ಧಾಟಿ ಕೇಳಿಸುತ್ತದೆ. ಭೂಕಂಪವೋ ಸುನಾಮಿಯೋ ಬಂದಾಗ ಜನರನ್ನು ಎಚ್ಚರಿಸಲೆಂದು ಸ್ಥಳೀಯ ಆಡಳಿತ ಹಾಕಿಸಿದ ಧ್ವನಿವರ್ಧಕಗಳು ಅವು. ಕೆಟ್ಟು ಕೂತಿಲ್ಲವಷ್ಟೇ ಎಂದು ದಿನವೂ ನೋಡಿಕೊಳ್ಳಬೇಕಲ್ಲ, ಅದಕ್ಕಾಗಿ ಒಂದು ಮಕ್ಕಳ ಹಾಡು. ಬಯಲಲ್ಲಿ ಆಡುವ ಮಕ್ಕಳಿಗೆ ಮನೆಗೆ ಹೊರಡುವ ಗಂಟೆಯೂ ಅದೇ. ಎಷ್ಟೋ ಊರುಗಳಲ್ಲಿ ಆ ಧಾಟಿ ‘ಯೂಯಾಕೆ ಕೊಯಾಕೆ’ ಎಂಬ ಸಂಜೆಗೆಂಪಿನ ಹಾಡಿನದು. ಕೆಲವೆಡೆ ‘ಅಕಾತೊಂಬೊ’, ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆ. ಸಂಗೀತ ಕೇಳಿ ಬೆಳೆದ ಕನ್ನಡದ ಕಿವಿ ಅದನ್ನು ಕೇಳಿದೊಡನೆ ಥಟ್ಟನೆ ನಿಂತುಬಿಡುತ್ತದೆ. ಸ ರಿ ಗ ಪ ದ. ನಮ್ಮ ಮೋಹನ! ಹಿಂದೂಸ್ತಾನಿಯವರಿಗೆ ಭೂಪ್.

ಜಪಾನೀಯರು ಈ ಸ್ವರಗುಚ್ಛವನ್ನು ‘ಯೊನಾನುಕಿ’ ಎನ್ನುತ್ತಾರೆ. ಯೊ ಎಂದರೆ ನಾಲ್ಕು, ನಾ ಎಂದರೆ ಏಳು, ನುಕಿ ಎಂದರೆ ತೆಗೆದದ್ದು. ನಾಲ್ಕನೆಯ ಸ್ವರ ಮಧ್ಯಮವನ್ನೂ ಏಳನೆಯದಾದ ನಿಷಾದವನ್ನೂ ಬಿಟ್ಟ ಶ್ರೇಣಿ. ಹೆಸರಿನಲ್ಲೇ ಲೆಕ್ಕ ಹೇಳಿ ಮುಗಿಸಿದ್ದಾರೆ.

ಈಗ ಒಂದು ಉಕುಲೇಲೆಯನ್ನು ತೊಡೆಯ ಮೇಲಿಟ್ಟುಕೊಳ್ಳಿ. ನೋಡಲು ಗಿಟಾರಿನ ಮರಿ. ಸಣ್ಣದು ಎರಡಡಿಯೂ ಇರುವುದಿಲ್ಲ. ತಂತಿ ಎನ್ನುತ್ತೇವಾದರೂ ಲೋಹವಲ್ಲ, ನೈಲಾನ್ ಎಳೆ. ಯಾವ ಬೆರಳೂ ಇಡದೆ ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿದರೆ ನಾಲ್ಕು ಸ್ವರ ಹೊರಡುತ್ತವೆ: ಪ, ಸ, ಗ, ದ. ಮೋಹನದ ಐದರಲ್ಲಿ ನಾಲ್ಕು ಬಿಟ್ಟಿಯಾಗಿ ಸಿಕ್ಕವು. ರಿಷಭವೊಂದಕ್ಕೆ ಮಾತ್ರ ಬೆರಳು ಬೇಕು. ಇನ್ನೊಂದು ವಿಶೇಷವಿದೆ. ಮೊದಲ ಪಂಚಮ ಮಂದ್ರದ್ದಲ್ಲ, ಆಮೇಲೆ ಬರುವ ಷಡ್ಜ ಗಾಂಧಾರಗಳಿಗಿಂತ ಮೇಲಿನದು. ಹಾಗಾಗಿ ಸವರುವ ಕೈ ಮೇಲೆ ಶುರುವಾಗಿ, ಕೆಳಗಿಳಿದು, ಮತ್ತೆ ಮೇಲೆ ಹತ್ತುತ್ತದೆ. ಆ ವಾದ್ಯದ ನಗುಮುಖದ ದನಿ ಬರುವುದು ಅಲ್ಲಿಂದಲೇ. ಇನ್ನು ಕೊನೆಯ ತಂತಿಯ ಮೂರನೆಯ ಮನೆಯಲ್ಲಿ ಉಂಗುರ ಬೆರಳೊಂದನ್ನು ಒತ್ತಿ; ಧೈವತ ಏರಿ ಮೇಲ್‌ಷಡ್ಜವಾಗುತ್ತದೆ. ಒಟ್ಟಿಗೆ ಮೊಳಗುವ ಸ್ವರಗಳ ಗುಂಪು, ಸಿ ಮೇಜರ್ ಕಾರ್ಡ್, ತಯಾರು. ಗಿಟಾರಿನಲ್ಲಿ ಇದೇ ಕಾರ್ಡಿಗೆ ಮೂರು ಬೆರಳು ಬೇಕು, ಲೋಹದ ತಂತಿ ಒತ್ತಿ ಒತ್ತಿ ತುದಿ ಕಂದಿ ದಡ್ಡುಗಟ್ಟಲು ವಾರಗಳು ಬೇಕು. ಅರವತ್ತೈದನೆಯ ವಯಸ್ಸಿನಲ್ಲಿ, ಗಂಟುಗಳು ಬಿಗಿದ ಬೆರಳಿನಲ್ಲಿ ಸಂಗೀತ ಶುರುಮಾಡುವ ಮನುಷ್ಯನಿಗೆ ಮೊದಲ ದಿನವೇ ಒಂದು ಇಡೀ ಕಾರ್ಡ್ ದಕ್ಕುವುದೆಂದರೆ ಸಣ್ಣ ಸಂಗತಿಯಲ್ಲ.

ಜಪಾನಿನ ಉಕುಲೇಲೆಯ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ಇಂಥವರೇ. ಜಾಕ್ ಶಿಮಾಬುಕುರೊ ಅವರಂಥ ಹವಾಯಿ ಮೂಲದ ದೊಡ್ಡ ಕಲಾವಿದರಿಗೆ ಅಲ್ಲಿ ಅಭಿಮಾನಿಗಳು ತುಂಬಿದ್ದಾರೆ, ನಿಜ. ಆದರೆ ಊರೂರಿನ ಕೋಣೆಗಳಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ, ಪೇಟೆಬೀದಿಯ ಹಬ್ಬಗಳಲ್ಲಿ ಕಾಸು ತೆಗೆದುಕೊಳ್ಳದೆ ನುಡಿಸುವ ಹವ್ಯಾಸಿ ಬೇರೆಯೇ ಒಬ್ಬ. ನಲವತ್ತು ವರ್ಷ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಮಕ್ಕಳು ದೊಡ್ಡವರಾದ ಮೇಲೆ ಮಧ್ಯಾಹ್ನಗಳು ಖಾಲಿಯಾದವಳು. ಶಾಲೆಯಲ್ಲಿ ಎಲ್ಲರಂತೆ ರೆಕಾರ್ಡರ್ ಕೊಳಲು ಊದಿದ್ದು ಬಿಟ್ಟರೆ ಬೇರೆ ಸಂಗೀತ ಕಲಿತವರಲ್ಲ. ಹೆಸರು ಬೇಡ. ಇವರಂಥವರು ಜಪಾನಿನಲ್ಲಿ ಊರಿಗೆ ಹತ್ತಿಪ್ಪತ್ತು ಮಂದಿ.

ಇವರು ನುಡಿಸುವುದು ಎಲ್ಲಿ? ಈ ಪ್ರಶ್ನೆಗೆ ಸಿಗುವ ಉತ್ತರವೇ ನನಗೆ ವಾದ್ಯಕ್ಕಿಂತ ದೊಡ್ಡದಾಗಿ ಕಂಡದ್ದು. ಜಪಾನಿನ ಬಾಡಿಗೆ ಮನೆಗಳ ಕರಾರಿನಲ್ಲಿ ‘ವಾದ್ಯ ನುಡಿಸುವಂತಿಲ್ಲ’ ಎಂಬ ಷರತ್ತು ಮಾಮೂಲು. ತೆಳು ಗೋಡೆಯ ಆಚೆ ನೆರೆಯವರಿರುತ್ತಾರೆ. ಹಾಗಾಗಿ ಹವ್ಯಾಸಿ ಹೋಗುವುದು ಕೋಮಿಂಕಾನ್‌ಗೆ. ಕೋಮಿನ್ ಎಂದರೆ ಪ್ರಜೆ, ಕಾನ್ ಎಂದರೆ ಭವನ.

ಯುದ್ಧದಲ್ಲಿ ಸೋತು ಸುಣ್ಣವಾದ ದೇಶದಲ್ಲಿ, 1946ರಲ್ಲಿ, ಶಿಕ್ಷಣ ಸಚಿವಾಲಯದ ಅಧಿಕಾರಿ ತೆರಾನಾಕಾ ಸಾಕುಓ ಈ ಕಲ್ಪನೆಯನ್ನು ಮುಂದಿಟ್ಟರು. ಜನ ಒಂದೆಡೆ ಕೂತು ಓದಬೇಕು, ಚರ್ಚಿಸಬೇಕು, ಹಾಡಬೇಕು. ಪ್ರಜಾಪ್ರಭುತ್ವದ ರೂಢಿಯಾಗುವುದು ಅಂಥ ಜಾಗದಲ್ಲಿ ಎಂಬ ನಂಬಿಕೆ ಅವರದು. ತಿನ್ನಲು ಅನ್ನವಿಲ್ಲದ ದಿನಗಳಲ್ಲಿ ಊರಿಗೊಂದು ಕೂಟದ ಕೋಣೆ ಬೇಕೆಂದು ಯೋಚಿಸಿದವರನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. 1949ರ ಸಾಮಾಜಿಕ ಶಿಕ್ಷಣ ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಲಾಭವನ್ನೇ ಗುರಿಯಾಗಿಸಿಕೊಂಡ ವ್ಯವಹಾರ, ಒಂದು ಪಕ್ಷದ ರಾಜಕೀಯ, ಒಂದು ಮತದ ಪ್ರಚಾರ ಇವುಗಳಿಗೆ ಕೋಮಿಂಕಾನ್ ಇಳಿಯಕೂಡದು ಎಂದು ಆ ಕಾಯ್ದೆ ಬರೆದಿಟ್ಟಿತು. ಇವತ್ತಿಗೂ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ಇಂಥ ಭವನಗಳಿವೆ. 1990ರ ದಶಕದಲ್ಲಿ ಇನ್ನೂ ಸಾವಿರಾರು ಹೆಚ್ಚಿದ್ದವು. ಊರುಗಳು ವಿಲೀನವಾದಂತೆ, ಜನಸಂಖ್ಯೆ ಕುಗ್ಗಿದಂತೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಇದು ಅಲ್ಲಿನ ಹವ್ಯಾಸಿಗಳ ನಿಜವಾದ ದುಗುಡ.

ಕಟ್ಟಡ ನೋಡಿದರೆ ಮನಸೆಳೆಯುವಂಥದ್ದೇನೂ ಇರುವುದಿಲ್ಲ. ಬಾಗಿಲಲ್ಲಿ ಚಪ್ಪಲಿಗೂಡು, ಸೂಚನಾಫಲಕದ ಮೇಲೆ ಈ ವಾರ ಯಾವ ಕೋಣೆ ಯಾರಿಗೆ ಎಂಬ ಪಟ್ಟಿ, ಮಡಚುವ ಕುರ್ಚಿಗಳ ರಾಶಿ, ತತಾಮಿ ಚಾಪೆಯ ಒಂದು ಕೋಣೆ, ಅಡುಗೆ ಕಲಿಸುವ ಕೋಣೆ, ಪಿಯಾನೊ ಇರುವ ಸಂಗೀತದ ಕೋಣೆ. ಐದಾರು ಮಂದಿ ಸೇರಿ ‘ಸಾಕುರು’ ಕಟ್ಟಿಕೊಂಡು ಹೆಸರು ನೋಂದಾಯಿಸಿದರೆ ಸಾಕು. ನಮ್ಮ ಸಂಘ ಎನ್ನುವ ಮಾತಿಗೆ ಅವರ ಸಾಕುರು; ಇಂಗ್ಲಿಷಿನ ಸರ್ಕಲ್ ಅವರ ನಾಲಿಗೆಯಲ್ಲಿ ಹಾಗಾಗಿದೆ. ತಿಂಗಳಿಗೆ ಎರಡೋ ಮೂರೋ ಬಾರಿ ಕೋಣೆ ಸಿಗುತ್ತದೆ. ಶುಲ್ಕ ಅತ್ಯಲ್ಪ, ಕೆಲವು ಊರುಗಳಲ್ಲಿ ಅದೂ ಇಲ್ಲ. ಒಂದೇ ಮಧ್ಯಾಹ್ನ ಒಂದು ಕೋಣೆಯಲ್ಲಿ ಉಕುಲೇಲೆ, ಪಕ್ಕದಲ್ಲಿ ಹೈಕು ಬರೆಯುವವರು, ಅದರಾಚೆ ಹೂ ಜೋಡಿಸುವವರು.

ಶರತ್ಕಾಲದಲ್ಲಿ, ನವೆಂಬರ್ 3ರ ಸಂಸ್ಕೃತಿ ದಿನದ ಆಸುಪಾಸಿನಲ್ಲಿ, ಭವನದ ಹಬ್ಬ ನಡೆಯುತ್ತದೆ. ವರ್ಷವಿಡೀ ಕಲಿತದ್ದನ್ನು ಊರಿನ ಮುಂದೆ ಒಪ್ಪಿಸುವ ದಿನ. ಅದಕ್ಕೆ ‘ಹಪ್ಪ್ಯೋಕಾಯಿ’ ಎನ್ನುತ್ತಾರೆ. ಬಣ್ಣದ ಹವಾಯಿ ಅಂಗಿ ತೊಟ್ಟ ಹನ್ನೆರಡು ಹಿರಿಯರು ಸಾಲಾಗಿ ಕೂತು, ಕಣ್ಣನ್ನು ಕಾಗದದಿಂದ ಎತ್ತದೆ, ಮೂರು ಹಾಡು ನುಡಿಸುತ್ತಾರೆ. ಎರಡನೆಯ ಹಾಡಿನಲ್ಲಿ ಒಬ್ಬರು ಅರ್ಧ ತಾಳ ಮುಂದೋಡುತ್ತಾರೆ, ಉಳಿದವರು ಅವರಿಗಾಗಿ ಓಡುತ್ತಾರೆ. ಸಭೆಯಲ್ಲಿ ಕೂತವರು ಮುಂದಿನ ಸರದಿಯ ನೃತ್ಯದವರು, ಹಿಂದಿನ ಸರದಿಯ ಹಾರ್ಮೋನಿಕಾದವರು, ಇವರೆಲ್ಲರ ಮನೆಯವರು.

ಇದಕ್ಕೆ ಕಾನೂನಿನ ಇನ್ನೊಂದು ಆಸರೆಯಿದೆ. ಹಾಡುಗಳ ಹಕ್ಕುಸ್ವಾಮ್ಯದ ವಿಷಯದಲ್ಲಿ ಜಪಾನ್ ಬಲು ಬಿಗಿ. ಹಾಗಿದ್ದೂ ಅಲ್ಲಿನ ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮು ಒಂದು ಕಿಂಡಿ ತೆರೆದಿಟ್ಟಿದೆ: ಲಾಭದ ಉದ್ದೇಶ ಇರಬಾರದು, ಕೇಳುಗರಿಂದ ಹಣ ಪಡೆಯಬಾರದು, ನುಡಿಸುವವರಿಗೆ ಸಂಭಾವನೆ ಕೊಡಬಾರದು. ಈ ಮೂರೂ ಕೂಡಿದರೆ ಯಾರ ಅನುಮತಿಯೂ ಬೇಡ, ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. ಸಂಗೀತ ಶಾಲೆಗಳೂ ರಾಯಧನ ಕೊಡಬೇಕೆಂದು ಹಕ್ಕುಸ್ವಾಮ್ಯ ಸಂಸ್ಥೆ ಜಾಸ್ರಾಕ್ ಹೊರಟಾಗ ಶಾಲೆಗಳು 2017ರಲ್ಲಿ ನ್ಯಾಯಾಲಯಕ್ಕೆ ಹೋದವು. 2022ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪಾಠದ ವೇಳೆ ವಿದ್ಯಾರ್ಥಿ ನುಡಿಸುವುದಕ್ಕೆ ರಾಯಧನ ಬೇಡ ಎಂದಿತು. ವಿದ್ಯಾರ್ಥಿ ನುಡಿಸುವುದು ಕಲಿಯುವುದಕ್ಕಾಗಿ ಎಂದು ಕೋರ್ಟು ಕಂಡುಕೊಂಡಿತು. ಹವ್ಯಾಸಿಯ ಪರವಾಗಿ ಬಂದ ತೀರ್ಪುಗಳಲ್ಲಿ ನನಗಿದು ಬಹಳ ಪ್ರಿಯವಾದದ್ದು. ಅಂದಹಾಗೆ ನಮ್ಮ 1957ರ ಕಾಯ್ದೆಯ 52ನೆಯ ಕಲಮಿನಲ್ಲೂ, ಹಣ ಕೊಡದ ಸಭೆಯ ಮುಂದೆ ಹವ್ಯಾಸಿ ಸಂಘ ಮಾಡುವ ಪ್ರದರ್ಶನಕ್ಕೆ ವಿನಾಯಿತಿ ಇದೆ. ಗಣೇಶೋತ್ಸವದಲ್ಲಿ ಬಿಟ್ಟಿಯಾಗಿ ನಾಟಕವಾಡುವ ನಮ್ಮ ಎಷ್ಟು ಸಂಘಗಳಿಗೆ ಇದು ತಿಳಿದಿದೆಯೋ.

ವಾದ್ಯ ಜಪಾನಿಗೆ ಬಂದ ದಾರಿ ಕೂಲಿಯವರ ದಾರಿ. 1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರಾಗ್’ ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಜನರನ್ನು ತುಂಬಿಕೊಂಡು ಹೊನೊಲುಲು ಮುಟ್ಟಿತು. ಅವರೊಂದಿಗೆ ಬಂದದ್ದು ‘ಮಷೇಟ್’ ಎಂಬ ಪುಟ್ಟ ತಂತಿವಾದ್ಯ. ಮ್ಯಾನುಯೆಲ್ ನುನೆಸ್ ಮೊದಲಾದ ಮೂವರು ಬಡಗಿಗಳು ಹವಾಯಿಯ ಕೋವಾ ಮರದಲ್ಲಿ ಅದನ್ನು ಹೊಸದಾಗಿ ಮಾಡಿದರು, ರಾಜ ಕಲಾಕೌವಾ ಅದನ್ನು ಆಸ್ಥಾನಕ್ಕೆ ಕರೆದ. ‘ಉಕುಲೇಲೆ’ ಎಂದರೆ ಕುಪ್ಪಳಿಸುವ ಚಿಗಟ ಎಂದು ಜನ ಅರ್ಥ ಹೇಳುತ್ತಾರೆ. ರಾಣಿ ಲಿಲಿಯುಒಕಲಾನಿ ಮಾತ್ರ ‘ಇಲ್ಲಿಗೆ ಬಂದ ಕೊಡುಗೆ’ ಎನ್ನುತ್ತಿದ್ದಳು. ಅದೇ ಕಬ್ಬಿನ ತೋಟಗಳಿಗೆ 1885ರಿಂದ ಸರ್ಕಾರದ ಕರಾರಿನ ಮೇಲೆ ಜಪಾನೀ ಕೂಲಿಗಳು ಹಡಗು ಹತ್ತಿದರು. ಹಾಗೆ ಹೋದ ಪೀಳಿಗೆಯ ಮಕ್ಕಳು ಹವಾಯಿಯ ಹಾಡು ಕೇಳುತ್ತ ಬೆಳೆದರು.

ಹೊನೊಲುಲುವಿನಲ್ಲಿ ಹುಟ್ಟಿದ ಹೈದಾ ಸೋದರರಿಬ್ಬರೂ ಆ ಹಾಡು ಕೇಳುತ್ತಲೇ ಬೆಳೆದವರು. ತಂದೆ ತೀರಿದ ಮೇಲೆ 1920ರ ದಶಕದ ಆದಿಯಲ್ಲಿ ಜಪಾನಿಗೆ ಬಂದರು, ಅಲ್ಲೇ ಉಳಿದರು. ಅಣ್ಣ ಯುಕಿಹಿಕೊ ‘ಮೊವಾನಾ ಗ್ಲೀ ಕ್ಲಬ್’ ಎಂಬ ತಂಡ ಕಟ್ಟಿದರೆ ತಮ್ಮ ಕತ್ಸುಹಿಕೊ ಗಾಯಕನಾಗಿ, ಸಿನಿಮಾ ನಟನಾಗಿ ಮನೆಮಾತಾದ. ಆಮೇಲೆ ಯುದ್ಧ ಬಂತು. ಅಮೆರಿಕದ ಸಂಗೀತ ಶತ್ರುವಿನ ಸಂಗೀತವಾಯಿತು. ಸ್ಟೀಲ್ ಗಿಟಾರ್, ಬ್ಯಾಂಜೊ, ಉಕುಲೇಲೆ ವೇದಿಕೆಯಿಂದ ಇಳಿದವು. ಅಂಗೈಯಗಲದ ಮರದ ಡಬ್ಬಿಯೊಂದನ್ನು ಕಂಡು ಸಾಮ್ರಾಜ್ಯವೊಂದು ಹೆದರಿದ ಕಾಲ ಅದು. ಯುದ್ಧ ಮುಗಿದು ಒಂದೂವರೆ ದಶಕದಲ್ಲಿ, 1959ರಲ್ಲಿ, ಅದೇ ಯುಕಿಹಿಕೊ ಹೈದಾ ನಿಹೊನ್ ಉಕುಲೇಲೆ ಅಸೋಸಿಯೇಷನ್ ಸ್ಥಾಪಿಸಿದರು. ಕೊತೊ, ಶಮಿಸೆನ್‌ನಂಥ ಸಾಂಪ್ರದಾಯಿಕ ವಾದ್ಯಗಳಲ್ಲಿ ‘ಇಎಮೊತೊ’ ಎಂಬ ಗುರುಮನೆತನದ ಕಟ್ಟುಪಾಡಿದೆ: ಮೆಟ್ಟಿಲು ಮೆಟ್ಟಿಲಾಗಿ ಪರವಾನಗಿ, ಅದಕ್ಕೆ ಶುಲ್ಕ, ಕೊನೆಗೆ ಮನೆತನದ ಹೆಸರು. ಉಕುಲೇಲೆಗೆ ಅಂಥ ಮನೆತನ ಯಾವುದೂ ಇರಲಿಲ್ಲ. ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದಿತ್ತು.

ಕೈಗೆತ್ತಿಕೊಂಡವರಲ್ಲಿ ಹಾಸ್ಯಗಾರ ಮಾಕಿ ಶಿಂಜಿಯೂ ಒಬ್ಬ. 1960ರ ದಶಕದಲ್ಲಿ ಟೀವಿಯಲ್ಲಿ ಉಕುಲೇಲೆ ಸವರುತ್ತ ದಿನನಿತ್ಯದ ಗೋಳುಗಳನ್ನು ಒಂದೊಂದು ಚರಣ ಮಾಡಿ ಹಾಡುತ್ತಿದ್ದ. ಇವತ್ತಿನ ಹಿರಿಯರಿಗೆ ಉಕುಲೇಲೆಯ ಮೊದಲ ನೆನಪೇ ಅವನು. ವಿದೇಶ ಪ್ರವಾಸ ಸಾಮಾನ್ಯರಿಗೆ ಮುಕ್ತವಾದದ್ದು 1964ರ ಏಪ್ರಿಲಿನಲ್ಲಿ. ಅಲ್ಲಿವರೆಗೂ, ಆಮೇಲೂ ಬಹುಕಾಲ, ಹವಾಯಿ ಅವರಿಗೆ ಕನಸಿನ ಊರು.

ಆ ಕನಸನ್ನು ಹೊಟ್ಟೆಪಾಡಿಗೆ ಬಳಸಿಕೊಂಡ ಊರೊಂದಿದೆ. ಫುಕುಶಿಮಾ ಪ್ರಾಂತದ ಇವಾಕಿಯಲ್ಲಿ ಜೋಬಾನ್ ಕಲ್ಲಿದ್ದಲು ಗಣಿಯಿತ್ತು. ಪೆಟ್ರೋಲಿಯಂ ಯುಗ ಬಂದು ಕಲ್ಲಿದ್ದಲು ಕೇಳುವವರಿಲ್ಲವಾದಾಗ, ಗಣಿಯಲ್ಲಿ ಸದಾ ಕಾಟ ಕೊಡುತ್ತಿದ್ದ ಬಿಸಿನೀರಿನ ಊಟೆಯನ್ನೇ ಬಂಡವಾಳ ಮಾಡಿಕೊಂಡು 1966ರ ಜನವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಗಾಜಿನ ಚಾವಣಿಯ ಕೆಳಗೆ ಒಂದು ಹವಾಯಿ ತೆರೆದರು. ಹುಲಾ ಕುಣಿದವರು ಗಣಿ ಕಾರ್ಮಿಕರ ಹೆಣ್ಣುಮಕ್ಕಳು. 2006ರಲ್ಲಿ ಬಂದ ‘ಹುಲಾ ಗರ್ಲ್ಸ್’ ಸಿನಿಮಾ ಇವರದೇ ಕಥೆ. ಅದಕ್ಕೆ ಸಂಗೀತ ಕೊಟ್ಟದ್ದು ಜಾಕ್ ಶಿಮಾಬುಕುರೊ. 2011ರ ಭೂಕಂಪದಲ್ಲಿ ಆ ಜಾಗ ಬಿರುಕುಬಿಟ್ಟು ಮುಚ್ಚಿದಾಗ ನರ್ತಕಿಯರು ಸುಮ್ಮನೆ ಕೂರಲಿಲ್ಲ. ನಿರಾಶ್ರಿತರ ಶಿಬಿರಗಳಿಗೆ ಹೋದರು, ದೇಶ ಸುತ್ತಿದರು. ಶಾಲೆಯ ಜಿಮ್ನಾಷಿಯಂ ನೆಲದ ಮೇಲೆ ಹಾಸಿಗೆ ಹಾಸಿಕೊಂಡವರ ಮುಂದೆ ಕುಣಿದರು.

ದೊಡ್ಡ ಜಾತ್ರೆಗಳೂ ಇವೆ. ಸದರ್ನ್ ಆಲ್ ಸ್ಟಾರ್ಸ್ ರಾಕ್ ತಂಡದ ಬಾಸ್ ವಾದಕ ಸೆಕಿಗುಚಿ ಕಜುಯುಕಿ ಶುರುಮಾಡಿದ ‘ಉಕುಲೇಲೆ ಪಿಕ್ನಿಕ್’ನಲ್ಲಿ 2012ರ ಜುಲೈ 28ರಂದು ಯೊಕೊಹಾಮಾದ ಬಂದರಿನ ಬದಿಯಲ್ಲಿ 2,134 ಮಂದಿ ಒಟ್ಟಿಗೆ ನುಡಿಸಿ ಗಿನ್ನೆಸ್ ದಾಖಲೆ ಮಾಡಿದರು. 2015ರಲ್ಲಿ ತಾಹಿತಿಯವರು ಅದನ್ನು ದಾಟಿಹೋದರು. ಇರಲಿ.

ನನಗೆ ಇದಕ್ಕಿಂತ ಮುಖ್ಯ ‘ಇಮೊನ್’. ನೋವಿನಲ್ಲಿರುವವರನ್ನು, ಒಂಟಿಯಾದವರನ್ನು ಹೋಗಿ ಕಂಡು ಸಮಾಧಾನಪಡಿಸುವುದಕ್ಕೆ ಜಪಾನೀಯರು ಈ ಮಾತು ಬಳಸುತ್ತಾರೆ. ಸಾಕುರುವಿನಲ್ಲಿ ಒಂದಷ್ಟು ಕೈ ಪಳಗಿದ ಮೇಲೆ ಹವ್ಯಾಸಿಗಳು ಇಮೊನ್‌ಗೆ ಹೊರಡುತ್ತಾರೆ. ಜಪಾನಿನಲ್ಲಿ ನೂರಕ್ಕೆ 29 ಜನ ಅರವತ್ತೈದು ದಾಟಿದವರು. 2000ದಲ್ಲಿ ಆರೈಕೆ ವಿಮೆ ಬಂದ ಮೇಲೆ ‘ಡೇ ಸರ್ವಿಸ್’ ಕೇಂದ್ರಗಳು ಊರೂರಿಗೂ ಹಬ್ಬಿವೆ. ಬೆಳಿಗ್ಗೆ ವ್ಯಾನ್ ಬಂದು ಮನೆಯಿಂದ ಅಜ್ಜ ಅಜ್ಜಿಯರನ್ನು ಕರೆದೊಯ್ಯುತ್ತದೆ. ಸ್ನಾನ, ಊಟ, ಒಂದಿಷ್ಟು ವ್ಯಾಯಾಮ. ಮಧ್ಯಾಹ್ನ ಮನರಂಜನೆಯ ಹೊತ್ತು. ಸಂಜೆ ಮತ್ತೆ ಮನೆಗೆ.

ಆ ಮಧ್ಯಾಹ್ನದ ಹೊತ್ತಿಗೆ ಉಕುಲೇಲೆ ಹೇಳಿಮಾಡಿಸಿದ ಹಾಗಿದೆ. ಮೈಕು ಬೇಡ, ಸ್ಪೀಕರ್ ಬೇಡ, ವೇದಿಕೆ ಬೇಡ. ನುಡಿಸುವವರು ಗಾಲಿಕುರ್ಚಿಗಳ ಅರ್ಧವೃತ್ತದ ನಡುವೆ ಒಂದು ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುತ್ತಾರೆ. ದಪ್ಪಕ್ಷರದಲ್ಲಿ ಅಚ್ಚುಹಾಕಿದ ಹಾಡಿನ ಹಾಳೆ ಎಲ್ಲರ ಕೈಗೂ ಬರುತ್ತದೆ. ಹಾಡುಗಳು ನುಡಿಸುವವರ ಆಯ್ಕೆಯವಲ್ಲ, ಕೇಳುವವರ ಬಾಲ್ಯದವು, ಹರೆಯದವು: 1914ರ ಶಾಲಾಗೀತೆ ‘ಫುರುಸಾತೊ’, ಅಂದರೆ ಹುಟ್ಟೂರು, ಸಾಕಾಮೊತೊ ಕ್ಯೂ 1961ರಲ್ಲಿ ಹಾಡಿದ, ‘ಸುಕಿಯಾಕಿ’ ಎಂಬ ಹೆಸರಿನಲ್ಲಿ 1963ರ ಜೂನಿನಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದ ‘ಉಎ ಒ ಮುಯಿತೆ ಅರುಕೋ’. ಅದು ಬಂದಾಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಆ ಅರ್ಧವೃತ್ತದಲ್ಲಿದ್ದಾರೆ.

ಇಲ್ಲಿ ನುಡಿಸುವುದೇ ಬೇರೆ ವಿದ್ಯೆ. ಎಂಬತ್ತೈದರ ಕಂಠಕ್ಕೆ ಮೇಲಿನ ಸ್ಥಾಯಿ ಎಟುಕುವುದಿಲ್ಲ, ಶ್ರುತಿ ಇಳಿಸಿಕೊಳ್ಳಬೇಕು. ಇಳಿಸಿದರೆ ಒಂದು ಬೆರಳಿನ ಸುಲಭದ ಕಾರ್ಡುಗಳು ಹೋಗಿ ಕಷ್ಟದವು ಬರುತ್ತವೆ. ಅದನ್ನು ಮನೆಯಲ್ಲಿ ಸದ್ದಿಲ್ಲದೆ ಬೆರಳಾಡಿಸಿ ರೂಢಿ ಮಾಡಿಕೊಂಡು ಬಂದಿರಬೇಕು. ಲಯ ಸಾಲಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಹಾಡುವವರದು. ಅವರ ಉಸಿರು ಮುಗಿದು ಮುಂದಿನದು ತುಂಬುವವರೆಗೂ ಸವರುವ ಕೈ ಅಲ್ಲೇ ತಡೆದಿರಬೇಕು. ಮಾತು ಮರೆತವರ ತುಟಿ ಎರಡನೆಯ ಚರಣಕ್ಕೆ ಅಲುಗಾಡುವುದನ್ನು, ಬೆಳಗಿನ ತಿಂಡಿ ನೆನಪಿಲ್ಲದವರು ಎಪ್ಪತ್ತು ವರ್ಷದ ಹಿಂದಿನ ಪದ್ಯವನ್ನು ಒಂದಕ್ಷರ ಬಿಡದೆ ಹೇಳುವುದನ್ನು ಇಮೊನ್‌ಗೆ ಹೋಗುವವರು ಮತ್ತೆ ಮತ್ತೆ ಕಾಣುತ್ತಾರೆ. ಕಚೇರಿ ಕೊಡುವ ವಿದ್ವಾಂಸರಿಗೆ ಈ ಸಭೆ ಸಿಗುವುದು ಅಪರೂಪ.

ನಮಗೂ ಜಪಾನಿನ ಹವ್ಯಾಸಿಗೂ ಒಂದು ಹಳೆಯ ಒಡನಾಟವಿದೆ. ನಾಗೋಯಾದಲ್ಲಿ ಮೊರಿತಾ ಗೊರೊ ಎಂಬವರು 1912ರಲ್ಲಿ ತಂತಿಗಳ ಮೇಲೆ ಟೈಪ್‌ರೈಟರಿನ ಹಾಗೆ ಗುಂಡಿಗಳನ್ನು ಜೋಡಿಸಿ ‘ತೈಶೊಗೊತೊ’ ಎಂಬ ವಾದ್ಯ ಮಾಡಿದರು. ಸಂಗೀತ ಬಾರದವರೂ ಗುಂಡಿ ಒತ್ತಿ ಹಾಡು ನುಡಿಸಲಿ ಎಂದು. ಕೋಮಿಂಕಾನ್‌ಗಳಲ್ಲಿ ಇವತ್ತಿಗೂ ಹಿರಿಯ ಹೆಂಗಸರ ಅಚ್ಚುಮೆಚ್ಚಿನ ವಾದ್ಯ ಅದು. ಅದೇ ಸಮುದ್ರ ದಾಟಿ ನಮ್ಮಲ್ಲಿ ಬುಲ್‌ಬುಲ್ ತರಂಗ್ ಆಯಿತು. ಜಾತ್ರೆಯಲ್ಲಿ ಕೊಂಡು ತಂದು, ನಾಲ್ಕು ಸಿನಿಮಾ ಹಾಡು ನುಡಿಸಿ, ಅಟ್ಟ ಸೇರಿಸಿದ ಆ ಉದ್ದ ಪೆಟ್ಟಿಗೆ ಜಪಾನೀ ಹವ್ಯಾಸಿಗಳಿಗಾಗಿ ಹುಟ್ಟಿದ್ದು.

ವಾದ್ಯ ನಮಗೆ ಬಂತು, ಕೋಣೆ ಬರಲಿಲ್ಲ. ಹೀಗೆನ್ನುವಾಗ ಕರಾವಳಿಯವರು ನನ್ನನ್ನು ತಡೆಯುತ್ತಾರೆ, ತಡೆಯಬೇಕಾದದ್ದೇ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಊರೂರಲ್ಲೂ ಭಜನಾ ಮಂದಿರವಿದೆ. ವಾರದ ಒಂದು ರಾತ್ರಿ ಬೀಡಿ ಕಟ್ಟುವವರು, ಅಡಿಕೆ ತೋಟದವರು, ಬಸ್ ಕಂಡಕ್ಟರು, ಶಾಲೆ ಮಾಸ್ತರು ಕೂತು ಹಾರ್ಮೋನಿಯಂ, ತಬಲಾ, ತಾಳ ಹಿಡಿದು ಹಾಡುತ್ತಾರೆ. ಯಾರಿಗೂ ಸಂಭಾವನೆಯಿಲ್ಲ. ತಾಳಮದ್ದಳೆಯ ಸಂಘಗಳೂ ಹಾಗೆಯೇ. ‘ಹವ್ಯಾಸಿ’ ಎಂಬ ಮಾತು ನಮ್ಮಲ್ಲಿ ಗೌರವದಿಂದ ಉಳಿದಿದ್ದರೆ ಅದು ಯಕ್ಷಗಾನದವರಿಂದ, ರಂಗಭೂಮಿಯವರಿಂದ. ಆದರೆ ಭಜನಾ ಮಂದಿರ ದೇವರ ಕೋಣೆ. ಅಲ್ಲಿ ಹಾಡಲು ಭಕ್ತಿ ಬೇಕು, ಆ ಊರಿನ ಒಡನಾಟ ಬೇಕು. ನಗರದ ಸಮುದಾಯ ಭವನಗಳು ಹೆಸರಿಗೆ ಸಮುದಾಯದವು, ಬಾಡಿಗೆ ನೋಡಿದರೆ ಮದುವೆಯವು. ಬೆಂಗಳೂರಿನ ಮೂರು ಕೋಣೆಯ ಫ್ಲ್ಯಾಟಿನಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಕೀಬೋರ್ಡ್ ಕೊಂಡರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ನುಡಿಸಬೇಕು. ಹತ್ತು ಜನರ ಮುಂದೆ ಹಾಡುವ ಆಸೆಯಾದರೆ ಕರೋಕೆ ಕೂಟಕ್ಕೆ ತಾವೇ ದುಡ್ಡು ಕಟ್ಟಬೇಕು.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ, ಅರಿವು ಕೇಂದ್ರ ಎಂದು ಹೆಸರಿಟ್ಟುಕೊಂಡಿವೆ. ಕಟ್ಟಡವಿದೆ, ದೀಪವಿದೆ, ಬೀಗದಕೈ ಇಟ್ಟುಕೊಂಡ ಒಬ್ಬರಿದ್ದಾರೆ. ವಾರಕ್ಕೆ ಒಂದು ಸಂಜೆ, ಓದುವವರು ಎದ್ದು ಹೋದ ಮೇಲೆ, ಎರಡು ತಾಸು ಅಲ್ಲಿ ಯಾರಾದರೂ ಕೊಳಲು ಊದಲಿ, ತಂಬೂರಿ ಮೀಟಲಿ, ಬುಲ್‌ಬುಲ್ ತರಂಗನ್ನು ಅಟ್ಟದಿಂದ ಇಳಿಸಿ ತರಲಿ. ಇಷ್ಟನ್ನು ಕೇಳುವುದು ದುಬಾರಿಯ ಬೇಡಿಕೆ ಎಂದು ನನಗನ್ನಿಸುವುದಿಲ್ಲ.

ಅಲ್ಲಿ, ಸಮುದ್ರದಾಚೆ, ಕೋಮಿಂಕಾನ್‌ನ ಕೋಣೆಯಲ್ಲಿ ನಾಲ್ಕೂಮುಕ್ಕಾಲಕ್ಕೆ ನುಡಿಸುವುದು ನಿಲ್ಲುತ್ತದೆ. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಾರೆ. ಒಬ್ಬರು ನೆಲ ಗುಡಿಸುತ್ತಾರೆ, ಒಬ್ಬರು ಕಿಟಕಿಯ ಅಗುಳಿ ನೋಡುತ್ತಾರೆ. ಕಚೇರಿಯ ಕಿಂಡಿಯಲ್ಲಿ ಒಂದು ನಮೂನೆ ತುಂಬಿಸಬೇಕು: ಯಾವ ಸಂಘ, ಎಷ್ಟು ಗಂಟೆ, ಇವತ್ತು ಬಂದವರು ಎಷ್ಟು. ಹನ್ನೊಂದು ಎಂದು ಬರೆದು, ಬೀಗದಕೈ ಒಪ್ಪಿಸಿ, ಬೂಟು ಮೆಟ್ಟಿಕೊಳ್ಳುತ್ತಿರುವಾಗ ಹೊರಗೆ ಕಂಬದ ಮೇಲಿಂದ ಐದು ಗಂಟೆಯ ಮೋಹನ ಶುರುವಾಗುತ್ತದೆ. ಚೀಲದೊಳಗಿನ ಉಕುಲೇಲೆಯನ್ನು ಬೆನ್ನಿಗೇರಿಸಿಕೊಂಡ ಅಜ್ಜಿ ಅದೇ ಧಾಟಿಯನ್ನು ಗುನುಗುತ್ತ ಸೈಕಲ್ ಹತ್ತುತ್ತಾಳೆ.